ಕಡವಿನ ರಾಕ್ಷಸನಿಗೆ ಎರಡು ಸರದಿ

ಜಗತ್ತಿನಲ್ಲಿ ಜಗಳವಾಡುವವರಿಗಿಂತ ಜಗಳ ಬಿಡಿಸುವವರಿಂದಲೇ ಹೆಚ್ಚು ಹಾನಿಯಾಗಿದೆ ಎಂದು ನನಗೆ ಈಚೆಗೆ ಅನ್ನಿಸತೊಡಗಿದೆ. ಜಗಳವಾಡುವವರು ಪಾಪ, ಕೂಗಿ, ದಣಿದು, ಒಂದು ಲೋಟ ನೀರು ಕುಡಿದು ಸುಮ್ಮನಾಗುತ್ತಾರೆ. ಬಿಡಿಸುವವನು ಹಾಗಲ್ಲ. ತಾನು ಮಾಡಿದ ಘನಕಾರ್ಯವನ್ನು ವರ್ಷಗಟ್ಟಲೆ ನೆನೆದು ಹಿಗ್ಗುತ್ತಾನೆ, ಕೇಳದವರಿಗೂ ಹೇಳುತ್ತಾನೆ, ಮುಂದಿನ ಜಗಳ ಎಲ್ಲಿದೆ ಎಂದು ಕತ್ತು ಉದ್ದ ಮಾಡಿ ನೋಡುತ್ತಾನೆ. ನಾನು ಈ ಎರಡನೆಯ ಪಂಗಡದವನು. ಹುಟ್ಟಿನಿಂದಲ್ಲ, ಸೇಲಂನಲ್ಲಿ ನಮ್ಮ ಬೀದಿಯ ಕೊಳಾಯಿಯಿಂದ.

ನಮ್ಮ ಬೀದಿಗೆ ನೀರು ಬರುವುದು ದಿನ ಬಿಟ್ಟು ದಿನ. ಬರುವ ದಿನ ಬೆಳಗ್ಗೆಯೇ ಹೆಂಗಸರು ಪ್ಲಾಸ್ಟಿಕ್ ಕೊಡಗಳನ್ನು ಸಾಲಾಗಿ ಇಟ್ಟು ತಮ್ಮ ಕೆಲಸಕ್ಕೆ ಹೋಗಿಬಿಡುತ್ತಾರೆ. ಆಳು ನಿಲ್ಲಬೇಕಾಗಿಲ್ಲ, ಕೊಡ ನಿಂತರೆ ಸಾಕು. ಕೊಡದ ಒಡತಿ ಪೇಟೆಗೆ ಹೋಗಿರಲಿ, ಆಸ್ಪತ್ರೆಗೆ ಹೋಗಿರಲಿ, ಅವಳ ಕೊಡವನ್ನು ಸರಿಸುವ ಧೈರ್ಯ ಯಾರಿಗೂ ಇಲ್ಲ. ಆದರೂ ಒಮ್ಮೆ ಬೀದಿಯ ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ದೊಡ್ಡ ಜಗಳವಾಗಿ, ಕೊಡಗಳು ಗಾಳಿಯಲ್ಲಿ ಹಾರಾಡಿದವು. ಆಗ ನಾನು ಆಫೀಸಿನ ಅಂಗಿಯಲ್ಲೇ ನಡುವೆ ನಿಂತು, ಒಂದು ಸಲ ನೀರು ಬಂದಾಗ ಮೇಲಿನ ಸಾಲು ಮೊದಲು, ಮುಂದಿನ ಸಲ ಕೆಳಗಿನ ಸಾಲು ಮೊದಲು ಎಂದು ಸರದಿ ಮಾಡಿಕೊಟ್ಟೆ. ಜಗಳ ನಿಂತೇ ಹೋಯಿತು. ಅಂದಿನಿಂದ ನನ್ನನ್ನು ಪೈಪ್ ಜಡ್ಜು ಎಂದು ಕರೆದರು. ಹೆಂಡತಿ ಸರೋಜ ಮಾತ್ರ, "ಮನೇಲಿ ಕುಕ್ಕರ್‌ಗೆ ಗ್ಯಾಸ್ಕೆಟ್ ಆಕಕ್ಕೆ ಬರಲ್ಲ, ಬೀದೀಲಿ ಜಡ್ಜು" ಎಂದಳು. ದೊಡ್ಡವರ ಮನೆಯಲ್ಲಿ ಇಂಥ ಮಾತು ಇದ್ದದ್ದೇ ಎಂದು ನಾನು ಸುಮ್ಮನಾದೆ.

ಈಗ ಆಟದ ವಿಷಯಕ್ಕೆ ಬರುತ್ತೇನೆ. ಇನ್ಶೂರೆನ್ಸ್ ಆಫೀಸಿನವರು ನನ್ನನ್ನು ತರಬೇತಿಗೆಂದು ಮದ್ರಾಸಿಗೆ ಕಳಿಸಿದ್ದಾಗ, ಫುಟ್‌ಪಾತಿನ ಹಳೆ ಪುಸ್ತಕದ ರಾಶಿಯಲ್ಲಿ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ರಟ್ಟಿಲ್ಲ, ಹೆಸರಿಲ್ಲ, ಕೊನೆಯ ಅರ್ಧವನ್ನು ಗೆದ್ದಲು ಓದಿ ಮುಗಿಸಿತ್ತು. ತಿರುವಿ ನೋಡಿದರೆ ಅದೊಂದು ವಿಚಿತ್ರ ಆಟ. ಒಬ್ಬ ಕತೆ ಹೇಳುತ್ತಾನೆ. ಉಳಿದವರು ಆ ಕತೆಯೊಳಗೆ ಒಂದೊಂದು ವೇಷ ತೊಟ್ಟು ಕೂರುತ್ತಾರೆ. "ನಿಮ್ಮ ಮುಂದೆ ಹೊಳೆ ಇದೆ, ಏನು ಮಾಡುತ್ತೀರಿ?" ಎಂದು ಕತೆಗಾರ ಕೇಳಬೇಕು. ಈಜುತ್ತೇನೆ, ಹರಿಗೋಲು ಹತ್ತುತ್ತೇನೆ, ಹೆದರಿ ಮನೆಗೆ ಹೋಗುತ್ತೇನೆ, ಏನು ಬೇಕಾದರೂ ಹೇಳಬಹುದು. ಅದು ಕೈಗೂಡುತ್ತದೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಪುಸ್ತಕದಲ್ಲಿದ್ದ ಇಪ್ಪತ್ತು ಮುಖದ ದಾಳವನ್ನು ಸೇಲಂನಲ್ಲಿ ಯಾರೂ ಕಂಡಿರಲಿಲ್ಲ. ನಾನು ಒಂದರಿಂದ ಇಪ್ಪತ್ತರವರೆಗೆ ಚೀಟಿ ಬರೆದು ಕಾಫಿಪುಡಿ ಡಬ್ಬಿಯಲ್ಲಿ ಹಾಕಿದೆ. ನಮ್ಮ ದಾಳಕ್ಕೆ ಚಿಕೋರಿ ವಾಸನೆ ಇತ್ತು.

ಆಟಕ್ಕೆ ಸಿಕ್ಕವರು ಇಬ್ಬರು, ನಮ್ಮ ಹಾಗೆಯೇ ಮನೆಯಲ್ಲಿ ಕನ್ನಡ ಆಡುವವರು. ಒಬ್ಬರು ಗೋವಿಂದಣ್ಣ, ನಮ್ಮ ದೂರದ ಸಂಬಂಧಿ. ಶಂಕಗಿರಿಯಲ್ಲಿ ಲಾರಿ ಬುಕಿಂಗ್ ಆಫೀಸು. ವಾರವೆಲ್ಲ ಡ್ರೈವರುಗಳ ಮೇಲೆ ಕೂಗಿ ಅವರ ಗಂಟಲು ಏರ್‌ಹಾರ್ನಿನಂತೆ ಆಗಿತ್ತು. ಇನ್ನೊಬ್ಬ ಮಾದೇಶ, ಪಾಪಿರೆಡ್ಡಿಪಟ್ಟಿ ಕಡೆಯವನು, ಸೇಲಂನ ಒಂದು ಶಾಲೆಯಲ್ಲಿ ಚರಿತ್ರೆ ಮೇಷ್ಟ್ರು, ನನಗಿಂತ ಚಿಕ್ಕವನು. ಭಾನುವಾರ ಮಧ್ಯಾಹ್ನ ನಮ್ಮ ನಡುಮನೆಯ ಕೆಂಪು ನೆಲದ ಮೇಲೆ ಅವನು ಶಾಲೆಯ ಸೀಮೆಸುಣ್ಣದಲ್ಲಿ ಹೊಳೆ, ಕೋಟೆ, ಕಾಡು ಬರೆಯುತ್ತಿದ್ದ. ಆ ಸೀಮೆಸುಣ್ಣವನ್ನು ಒರೆಸುತ್ತಾ ಸರೋಜ ನಮ್ಮ ಮೂವರನ್ನೂ ಶಪಿಸುತ್ತಿದ್ದಳು. ಗೋವಿಂದಣ್ಣನ ವೇಷ ಕೆಂಪಣ್ಣ ದಳವಾಯಿ. ಅವನ ಗುರುತಾಗಿ ನಕ್ಷೆಯ ಮೇಲೆ ಲಾರಿ ಚಕ್ರದ ಒಂದು ದಪ್ಪ ನಟ್ಟು. ಮಾದೇಶನದು ಬಳೆ ಮಾರುವ ಸೆಟ್ಟಿ. ಗುರುತು ಒಂದು ಹಸಿರು ಬಳೆಚೂರು.

ತೊಂದರೆ ಶುರುವಾದದ್ದು ಹೊಗೆನಕಲ್ಲಿನಲ್ಲಿ ಹರಿಗೋಲು ಹತ್ತುವ ಕಡವಿನಲ್ಲಿ ನಾನು ನಿಲ್ಲಿಸಿದ ರಾಕ್ಷಸನಿಂದ. ಹೊಳೆ ದಾಟಲು ಬಂದವರನ್ನು ತಡೆಯುವುದು ಅವನ ಕೆಲಸ. ಗೋವಿಂದಣ್ಣ ಚೀಟಿ ಡಬ್ಬಿಗೆ ಕೈ ಹಾಕಿ, "ಒಡೀತೀನಿ" ಎಂದರು. ಮಾದೇಶ, "ಇರಣ್ಣ, ಮುದಲ್ಲೆ ಮಾತಾಡಾಣ. ಎರಡು ಮೀನು ವರುವಲ್ ತಗೊಂಡು ಓಗಿ, ಊರು ಯಾವ್ದು, ಮನೇಲಿ ಯಾರವ್ರೆ ಅಂತ ಕೇಳ್ತೀನಿ" ಎಂದ.

"ರಾಕ್ಷಸಂಗೆ ಮನೆ ಏನ್ಲಾ? ಒಡ್ದು ಆಚೆ ದಡಕ್ಕೆ ಓಗೋದು ಬಿಟ್ಟು ಹೆಣ್ಣು ನೋಡಕ್ಕೆ ಬಂದಂಗೆ ಮಾತಾಡ್ತೀಯ!"

"ನಿಮ್ಮ ಆಫೀಸ್ಗೆ ಬಂದವ್ರನ್ನೂ ಮುದಲ್ಲೆ ಒಡ್ದು ಅಪ್ಪುರಂ ಲೋಡ್ ಎಲ್ಲಿಗೆ ಅಂತ ಕೇಳ್ತೀರಾ ಅಣ್ಣ?"

ಹೀಗೆ ಆ ರಾಕ್ಷಸ ಹಲವು ಭಾನುವಾರ ಕಡವಿನಲ್ಲೇ ನಿಂತ. ಇಬ್ಬರಲ್ಲಿ ಯಾರದು ಸರಿ ಎಂದು ಪುಸ್ತಕ ನೋಡೋಣವೆಂದರೆ ಹೊಡೆದಾಟದ ಅಧ್ಯಾಯ ಇತ್ತು, ಮಾತುಕತೆಯ ಅಧ್ಯಾಯ ಗೆದ್ದಲಿನ ಹೊಟ್ಟೆಯಲ್ಲಿತ್ತು. ಅದು ಗೋವಿಂದಣ್ಣನಿಗೆ ದೊಡ್ಡ ಆಧಾರವಾಯಿತು. "ಬುಕ್ನಾಗೇ ಇಲ್ಲ, ಓಗ್ಲಾ" ಎನ್ನುತ್ತಿದ್ದರು. ಬೇರೆಯವರು ಕೇಳಿದರೆ ಇವರು ಹೊಲದ ಬದುವಿಗೆ ಹೊಡೆದಾಡುತ್ತಿದ್ದಾರೆ ಅಂದುಕೊಳ್ಳಬೇಕು. ಪಕ್ಕದ ಮನೆಯವರು ಒಮ್ಮೆ ಬಂದು, ಯಾವ ಹೊಳೆ, ಯಾವ ದಡ, ಪಟ್ಟಾ ಯಾರ ಹೆಸರಲ್ಲಿದೆ ಎಂದು ತಮಿಳಿನಲ್ಲಿ ವಿಚಾರಿಸಿದರು. ಕೊನೆಗೊಂದು ದಿನ ಮಾತು ಆಟ ಬಿಟ್ಟು ಆಚೆ ಹೋಯಿತು. "ಬರೀ ಪೇಚ್ಚು, ಬರೀ ಮಾತು! ಮಕ್ಕಳ ಮುಂದೆ ಬೊಗಳಿ ಬೊಗಳಿ ಅಭ್ಯಾಸ ಆಗೋಗೈತೆ ನಿಂಗೆ" ಎಂದು ಗೋವಿಂದಣ್ಣ ಅಂದರು. ಮಾದೇಶ ಸೀಮೆಸುಣ್ಣ ಕೆಳಗಿಟ್ಟ. "ನೀವು ಲಾರಿ ಜೊತೆ ಸೇರಿ ಮನುಷ್ಯರ ಜೊತೆ ಮಾತಾಡೋದೇ ಮರ್ತೋಗಿದೀರಾ" ಎಂದ. ಗೋವಿಂದಣ್ಣ ಡಬ್ಬಿ ಎಸೆದರು. ಇಪ್ಪತ್ತು ಚೀಟಿಗಳೂ ಸರೋಜಳ ತೆಂಗಿನಕಾಯಿ ಚಟ್ನಿಯಲ್ಲಿ ಬಿದ್ದವು. ಮುಂದಿನ ಭಾನುವಾರ ಇಬ್ಬರೂ ಬರಲಿಲ್ಲ.

ಇಂಥ ಹೊತ್ತಿನಲ್ಲಿ ಪೈಪ್ ಜಡ್ಜು ಸುಮ್ಮನೆ ಕೂರುತ್ತಾನೆಯೇ? ಎಸ್‌ಟಿಡಿ ಬೂತಿನಿಂದ ಶಂಕಗಿರಿಗೆ ಫೋನು ಮಾಡಿದೆ, ಮಾದೇಶನ ಶಾಲೆಯ ಬಾಗಿಲಲ್ಲಿ ನಿಂತೆ. ಕೊಳಾಯಿಯ ಸರದಿಯನ್ನೇ ಆಟಕ್ಕೂ ತಂದೆ. ಎರಡರಿಂದ ನಾಲ್ಕು ಗೋವಿಂದಣ್ಣನ ಸರದಿ, ಮನಸಾರೆ ಹೊಡೆಯಲಿ. ನಾಲ್ಕರಿಂದ ಆರು ಮಾದೇಶನ ಸರದಿ, ಬಾಯಿ ನೋಯುವವರೆಗೆ ಮಾತಾಡಲಿ. ಇಬ್ಬರೂ ಒಪ್ಪಿದರು. ನಾಲ್ಕು ಗಂಟೆಗೆ ನಮ್ಮ ಬಾಗಿಲಲ್ಲಿ ಒಬ್ಬರು ಚಪ್ಪಲಿ ಹಾಕಿಕೊಳ್ಳುವಾಗ ಇನ್ನೊಬ್ಬನು ಬಿಡುತ್ತಿದ್ದ. "ಬಾಪ್ಪಾ", "ಬತ್ತೀನಣ್ಣ" ಅಷ್ಟೇ. ಎಷ್ಟು ಸಭ್ಯತೆ, ಎಷ್ಟು ಶಾಂತಿ! ನಾನು ಎರಡು ಆಟ ಆಡಿಸಿ ಗಂಟಲು ಕಟ್ಟಿಸಿಕೊಂಡರೂ ಹೆಮ್ಮೆಯಿಂದ ಬೀಗಿದೆ. ನಾಲ್ಕು ಗಂಟೆಗೆ ಟೀವಿಯಲ್ಲಿ ಬರುವ ಸಿನಿಮಾ ತಪ್ಪಿಹೋದ ಸರೋಜಳನ್ನು ಬಿಟ್ಟರೆ ಮತ್ತೆ ಯಾರಿಗೂ ದೂರಿರಲಿಲ್ಲ.

ಆದರೆ ನನಗೆ ಎರಡು ರಾಕ್ಷಸರನ್ನು ಕಟ್ಟುವಷ್ಟು ಬುದ್ಧಿ ಇರಲಿಲ್ಲ. ಒಬ್ಬನನ್ನೇ ಎರಡೂ ಸರದಿಗೆ ನಿಲ್ಲಿಸಿದೆ. ಹೀಗಾಗಿ ಗೋವಿಂದಣ್ಣ ಒಂದು ಮಧ್ಯಾಹ್ನ ಅವನ ಎಡಗೈಗೆ ಕತ್ತಿಯಿಂದ ಏಟು ಹಾಕಿದರೆ, ಸಂಜೆ ಮಾದೇಶ ಬಂದಾಗ ರಾಕ್ಷಸ ಕೈ ಹಿಡಿದುಕೊಂಡು ನರಳುತ್ತಿದ್ದ. ಮಾದೇಶ ಹುರಿದ ಮೀನು ಪಕ್ಕಕ್ಕಿಟ್ಟು ಅವನ ಕೈಗೆ ಅರಿಶಿನ ಹಚ್ಚಿ, ತನ್ನ ಪಂಚೆ ಹರಿದು ಕಟ್ಟು ಕಟ್ಟಿದ. "ಕಟ್ಟು ಕಟ್ಟಿವ್ನಿ ಅಂತ ಅಣ್ಣಂಗೆ ಏಳಿ" ಎಂದ. ಮುಂದಿನ ವಾರ ನಾನು ಹೇಳಿದೆ. ಗೋವಿಂದಣ್ಣ ಡಬ್ಬಿ ಅಲ್ಲಾಡಿಸುವುದನ್ನು ನಿಲ್ಲಿಸಿ, "ಅಂಗಾ? ಬೇರೆ ಏನಂದ?" ಎಂದರು. ರಾಕ್ಷಸನಿಗೆ ಮದುವೆಯ ವಯಸ್ಸಿಗೆ ಬಂದ ಇಬ್ಬರು ಹೆಣ್ಣುಮಕ್ಕಳಿದ್ದಾರೆ, ಗಂಡಿನ ಕಡೆಯವರು ಆ ಕಡವು ದಾಟಿಯೇ ಬರಬೇಕು, ಅದಕ್ಕೇ ಅಲ್ಲಿ ಕಾದು ನಿಂತಿದ್ದಾನೆ ಎಂದು ಮಾದೇಶ ಕೇಳಿ ತಿಳಿದುಕೊಂಡದ್ದನ್ನು ಹೇಳಿದೆ. ಗೋವಿಂದಣ್ಣ ನಟ್ಟನ್ನು ಎತ್ತಿಕೊಂಡು ಬೆರಳಲ್ಲಿ ತಿರುಗಿಸಿದರು. "ಮುದಲ್ಲೇ ಏಳ್ಬಾರ್ದಾ? ಕೈ ಕಡಿದ್ಬುಟ್ನಲ್ಲಾ" ಎಂದರು.

ಅಂದಿನಿಂದ ಇಬ್ಬರೂ ತಮ್ಮ ಆಟ ಬಿಟ್ಟು ಇನ್ನೊಬ್ಬನ ಆಟವನ್ನೇ ವಿಚಾರಿಸತೊಡಗಿದರು. ಗೋವಿಂದಣ್ಣನ ಹೊಡೆತಕ್ಕೆ ಮೊದಲಿನ ಖುಷಿ ಇರಲಿಲ್ಲ. "ಈಗ ಒಡುದ್ರೆ ಒಡ್ತ ಬೀಳ್ತದೆ ಅಷ್ಟೆ. ಬ್ಯಾಡ ಅನ್ನೋರೇ ಇಲ್ಲ. ಬೇಜಾರು ಲಾ" ಎಂದು ಒಮ್ಮೆ ಚಪ್ಪಲಿ ಹಾಕಿಕೊಳ್ಳುತ್ತಾ ಅಂದರು. ಮಾದೇಶನೂ ಸಂಜೆ ಮಾತಿನ ನಡುವೆ ತಡೆದು ತಡೆದು ಬಾಗಿಲ ಕಡೆ ನೋಡುತ್ತಿದ್ದ. ಬೇಗ ಮುಗಿಸು ಎನ್ನುವವರಿಲ್ಲದೆ ಅವನ ಮಾತಿಗೂ ರುಚಿ ಹೋಗಿತ್ತು. ಸರೋಜ ಇದನ್ನು ನನಗಿಂತ ಮೊದಲೇ ಕಂಡಿದ್ದಳು. "ನೀರಾದ್ರೆ ಸರದಿ ಮೇಲೆ ಇಡ್ಕೋಬೋದು. ಇವ್ರು ಬರೋದು ಒಬ್ರನ್ನೊಬ್ರು ನೋಡಕ್ಕೆ. ನೀವು ಅದ್ನೇ ಎರಡಾಗಿ ಕುಯ್ದ್ರಿ" ಎಂದಳು. ಜಡ್ಜುಗಳು ಅಷ್ಟು ಬೇಗ ತೀರ್ಪು ಬದಲಿಸುವುದಿಲ್ಲ. ನಾನು ಬದಲಿಸಲಿಲ್ಲ.

ಆಮೇಲೊಂದು ಭಾನುವಾರ ಗೋವಿಂದಣ್ಣ ಬಂದು ಡಬ್ಬಿಯನ್ನು ಮುಟ್ಟಲೇ ಇಲ್ಲ. ನಟ್ಟನ್ನು ಕಡವಿನ ಹತ್ತಿರ ಇಟ್ಟು, "ಇವತ್ತು ಬ್ಯಾಡ ಲಾ. ಅವ್ನ ಕೈ ವಾಸಿಯಾಗ್ಲಿ. ದಳವಾಯಿ ಇಲ್ಲೇ ಕುಂತಿರ್ತಾನೆ" ಎಂದರು. ಎರಡು ಗಂಟೆ ಕಾಲ ಸುಮ್ಮನೆ ಬೋಂಡಾ ತಿಂದರು. ಸಂಜೆ ನಾನು ಇದನ್ನು ಹೇಳಿದಾಗ ಮಾದೇಶ ಏನೂ ಮಾತಾಡಲಿಲ್ಲ. ಅವನು ಮಾತಾಡದೆ ಕುಳಿತದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೊರಡುವಾಗ, "ಬರೋ ವಾರ ನಾನೂ ಎರಡು ಗಂಟೆಗೇ ಬತ್ತೀನಿ. ಅಣ್ಣಂಗೆ ಏಳ್ಬೇಡಿ, ಸುಮ್ನೆ ಬಂದು ಕುಂತ್ಕೋತೀನಿ" ಎಂದ.

ಆ ವಾರದ ನಡುವೆಯೇ ಗೋವಿಂದಣ್ಣ ಹೋಗಿಬಿಟ್ಟರು. ಒಂದು ಲೋಡಿಗೆ ಟಾರ್ಪಾಲು ಕಟ್ಟಿಸುತ್ತಾ ನಿಂತಿದ್ದವರು ಎದೆ ಹಿಡಿದುಕೊಂಡು ಕುಳಿತರಂತೆ. ನಾನೂ ಮಾದೇಶನೂ ಒಂದೇ ಬಸ್ಸಿನಲ್ಲಿ ಶಂಕಗಿರಿಗೆ ಹೋದೆವು. ರಸ್ತೆಯ ಎರಡು ಕಡೆಯೂ ಲಾರಿಗಳು ನಿಂತಿದ್ದವು, ಒಂದೂ ಹಾರ್ನ್ ಮಾಡಲಿಲ್ಲ. ಅವರ ಹೆಂಡತಿ ಮಾದೇಶನನ್ನು ನೋಡಿ, "ನೀನೇನಾಪ್ಪ ಆ ಇಸ್ಕೂಲು ವಾದ್ಯಾರು? ಉಣ್ಣಕ್ಕೆ ಕುಂತ್ರೆ ನಿನ್ ಮಾತೇ. ಎಂಥದೋ ರಾಕ್ಷಸಂಗೆ ಕಟ್ಟು ಕಟ್ಟವ್ನೆ ನೋಡು ಪೈತ್ಯಕಾರ, ತಲೆಕೆಟ್ಟೋನು ಅಂತ ನಗ್ತಿದ್ರು" ಎಂದು ಅತ್ತರು. ಮಾದೇಶ ಗೋಡೆಗೆ ಮುಖ ಮಾಡಿ ನಿಂತುಬಿಟ್ಟ. ನಾನು ಅವನ ಬೆನ್ನ ಮೇಲೆ ಕೈ ಇಡಲು ಹೋಗಿ, ಯಾವ ಮುಖ ಇಟ್ಟುಕೊಂಡು ಇಡುವುದು ಎಂದು ತಿಳಿಯದೆ ಹಿಂದಕ್ಕೆ ತೆಗೆದುಕೊಂಡೆ.

ಭಾನುವಾರ ಎರಡು ಗಂಟೆಗೆ ಸರಿಯಾಗಿ ಮಾದೇಶ ಬಂದ. ನೆಲದ ಮೇಲೆ ಹೊಳೆ ಬರೆದ, ಕಡವು ಬರೆದ. ನಟ್ಟನ್ನು ಗೋವಿಂದಣ್ಣ ಇಟ್ಟಿದ್ದ ಜಾಗದಲ್ಲೇ ಇಟ್ಟು, ಬಳೆಚೂರನ್ನು ಅದರ ಹಿಂದೆ ಇಟ್ಟ. ಕತೆ ಹೇಳುವವನು ಕೇಳಲೇಬೇಕಲ್ಲ, "ಏನು ಮಾಡ್ತೀಯ?" ಎಂದು ಕೇಳಿದೆ. "ಅಣ್ಣನ ಸರದಿ ಇದು. ಅವರು ಮುಂದೆ ಅವ್ರೆ, ನಾನು ಹಿಂದೆ" ಎಂದ. ಅಷ್ಟೇ. ಡಬ್ಬಿ ತೆರೆಯಲಿಲ್ಲ. ಸಂಜೆ ಸರೋಜ ಕಸ ಗುಡಿಸಲು ಬಂದಳು. ಆ ಸೀಮೆಸುಣ್ಣವನ್ನು ಶಪಿಸದೆ ಒಂದು ದಿನವೂ ಒರೆಸದವಳು ನಟ್ಟಿನ ಸುತ್ತ ಬಳಸಿ ಗುಡಿಸಿ, ಪೊರಕೆ ಎತ್ತಿಕೊಂಡು ಹೋದಳು. ಕೊಳಾಯಿ ಸಾಲಿನಲ್ಲಿ ಬೇರೆಯವರ ಕೊಡವನ್ನು ಅವಳು ಎಂದೂ ಸರಿಸಿದವಳಲ್ಲ.

ಈಗ ನಮ್ಮ ಮನೆಯಲ್ಲಿ ಭಾನುವಾರ ಬಹಳ ಶಾಂತಿ. ಮಾದೇಶ ಆಗಾಗ ಬಂದು ಕಾಫಿ ಕುಡಿದು ಹೋಗುತ್ತಾನೆ. ಬೇಕೆಂದೇ ನಾನು ಏನಾದರೂ ತಪ್ಪು ಹೇಳಿ ಕೆಣಕುತ್ತೇನೆ. ಶಂಕಗಿರಿ ಕೋಟೆಯನ್ನು ಬ್ರಿಟಿಷರೇ ಕಟ್ಟಿದ್ದು ಎಂದು ಕೂಡ ಒಮ್ಮೆ ಅಂದೆ. ಚರಿತ್ರೆ ಮೇಷ್ಟ್ರು, "ಇರ್ಬೋದಣ್ಣ" ಎಂದು ಲೋಟ ಕೆಳಗಿಟ್ಟ. ನನಗೆ ಅಳು ಬಂತು.

ಮೊನ್ನೆ ನೀರು ಬರುವ ದಿನ ಸರೋಜಳಿಗೆ ಜ್ವರವೆಂದು ಕೊಡ ಹಿಡಿದು ನಾನೇ ಹೋದೆ. ಸಾಲಿನಲ್ಲಿ ಮೇಲಿನ ಮನೆಯಾಕೆಗೂ ಕೆಳಗಿನ ಮನೆಯಾಕೆಗೂ ಜಗಳ ಹತ್ತಿಕೊಂಡಿತು. ಏನು ಕೂಗು, ಏನು ಕೈ ತಿರುವು! ಎಲ್ಲರೂ ನನ್ನ ಮುಖ ನೋಡಿದರು. ನಾನು ಬಾಯಿ ಬಿಡಲಿಲ್ಲ. ಇಬ್ಬರೂ ಎದುರೆದುರು ನಿಂತಿದ್ದಾರಲ್ಲ, ಒಬ್ಬಳ ಮಾತಿಗೆ ಇನ್ನೊಬ್ಬಳು ಇದ್ದಾಳಲ್ಲ ಎಂದು ಕೇಳುತ್ತಾ ಮೈಮರೆತೆ. ಎಚ್ಚರವಾದಾಗ ನೀರು ನಿಂತಿತ್ತು. ಖಾಲಿ ಕೊಡ ಹಿಡಿದು ಮನೆಗೆ ಬಂದರೆ ಸರೋಜ ಜ್ವರದಲ್ಲೂ ಎದ್ದು ಕುಳಿತು ಕೂಗಿದಳು. ನಾನೂ ಬಿಡಲಿಲ್ಲ, ತಿರುಗಿಸಿ ಕೂಗಿದೆ. ಪಕ್ಕದ ಮನೆಯವರು ಕಿಟಕಿಯಲ್ಲಿ ಇಣುಕಿ ನೋಡಿದರು. ಪುಣ್ಯಕ್ಕೆ ಬಿಡಿಸಲು ಯಾರೂ ಬರಲಿಲ್ಲ.