ತಂತಿಯವನ ಪೆಡಲು

ಗದಿಗೆಪ್ಪನ ಸೈಕಲ್ಲಿನ ಎಡ ಪೆಡಲು ಸುತ್ತಿಗೊಮ್ಮೆ 'ಕಿರ್ರ್' ಎನ್ನುತ್ತಿತ್ತು, ಬಲ ಪೆಡಲು 'ಟಕ್' ಎಂದು ಹೂಂಗುಟ್ಟುತ್ತಿತ್ತು. ಸೈಕಲ್ಲು ಅವನ ಅಪ್ಪನ ಕಾಲದ ಇಂಗ್ಲಂಡಿನ ಮಾಲು. ಆಂಟಾಪ್ ಹಿಲ್ಲಿನ ಚಾಳಿನಲ್ಲಿ ಎಂಟು ವರ್ಷಗಳಿಂದ ಈ ಸದ್ದು ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ಹೆಂಡತಿ ಶರಣವ್ವ ಅದು ಓಣಿಯ ತುದಿಯಲ್ಲಿ ಕೇಳಿಸಿದೊಡನೆ ರೊಟ್ಟಿಯ ಹಂಚನ್ನು ಒಲೆಗಿಡುತ್ತಿದ್ದಳು. ತೊಂದರೆ ಶುರುವಾದದ್ದು ಶನಿವಾರ, ಮಾಟುಂಗದ ಕನ್ನಡ ಸಂಘದ ನಾಟಕದ ತಾಲೀಮಿನಲ್ಲಿ.

ನಾಟಕದಲ್ಲಿ ಗದಿಗೆಪ್ಪನದು ಟೆಲಿಗ್ರಾಂ ತರುವ ತಂತಿಯವನ ಪಾತ್ರ. ಮೂರನೆಯ ಅಂಕದಲ್ಲಿ ಸೈಕಲ್ ತುಳಿಯುತ್ತ ರಂಗದ ಮೇಲೆ ಬಂದು, "ತಂತಿ ಬಂದದ" ಎಂದು ಕಾಗದ ಕೊಟ್ಟು ಹೋಗಬೇಕು. ಅವನು ಕೆಲಸಕ್ಕಿದ್ದ ಮಿಲ್ಲಿನ ಕಚೇರಿಯಲ್ಲಿ ಯಾರೂ ಅವನ ಮಾತಿಗೆ ಕಿವಿಗೊಡುತ್ತಿರಲಿಲ್ಲವಾದ್ದರಿಂದ ಆ ಎರಡು ಶಬ್ದಗಳನ್ನು ಅವನು ಹದಿನೈದು ದಿನ ಬಾಯಿಪಾಠ ಮಾಡಿದ್ದ. ಶನಿವಾರ ಅವನು ಮೊದಲ ಸಲ ರಂಗದ ಮೇಲೆ ಗಂಭೀರವಾಗಿ ಸೈಕಲ್ ತುಳಿದು ಬಂದನೋ ಇಲ್ಲವೋ, ನೋಡುತ್ತಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾಟಕ ಆಡಿಸುತ್ತಿದ್ದ ಚನ್ನಬಸಯ್ಯನವರು ಮಾತ್ರ ನಗಲೂ ಇಲ್ಲ, ಬೈಯಲೂ ಇಲ್ಲ. ಚೀಟಿಯೊಂದರಲ್ಲಿ ಏನೋ ಬರೆದುಕೊಂಡರು. ಆ ಬರೆದದ್ದೇ ಗದಿಗೆಪ್ಪನ ಎದೆಗೆ ಚುಚ್ಚಿತು.

ಮರುದಿನ ಮಧ್ಯಾಹ್ನ ಮೂರಕ್ಕೆ ನಾಟಕ. ಮುಲುಂಡಿನಿಂದ ಶರಣವ್ವನ ಅಣ್ಣ ಮುರಿಗೆಪ್ಪ ನೋಡಲು ಬರುವವನಿದ್ದ. ತಂಗಿಯನ್ನು ಎಂಥವನಿಗೆ ಕೊಟ್ಟೆನಪ್ಪಾ ಎಂದು ಮದುವೆಯಾದಂದಿನಿಂದ ಕೊರಗುತ್ತಿದ್ದ ಬಟ್ಟೆ ವ್ಯಾಪಾರಿ ಅವನು. ಅವನೆದುರು ಜನ ಹೀಗೆ ನಕ್ಕರೆ ಗದಿಗೆಪ್ಪ ಮತ್ತೆ ಮುಲುಂಡಿನ ಹೊಸ್ತಿಲು ತುಳಿಯುವಂತಿರಲಿಲ್ಲ.

"ಪೆಡಲ್ ಬದಲಿ ಮಾಡಿ ಮಾರಾಯ್ರೆ," ಎಂದ ಪಕ್ಕದ ಖೋಲಿಯ ಮೋನಪ್ಪ. ಉಡುಪಿ ಕಡೆಯವನು, ಮಾಟುಂಗದ ಹೋಟೆಲಿನಲ್ಲಿ ಕೆಲಸ. "ಅಗಲದ್ದು, ಚಪ್ಪಟೆ ರಬ್ಬರಿನದ್ದು ಉಂಟು. ಕಾಲಿಟ್ಟರೆ ಮಣೆ ಮೇಲೆ ಇಟ್ಟ ಹಾಗೆ. ಶಬ್ದವೇ ಇಲ್ಲ."

ಭಾನುವಾರ ಬೆಳಿಗ್ಗೆ ಸೈಕಲ್ಲು ಚಾಳಿನ ಅಂಗಳದಲ್ಲಿ ತಲೆಕೆಳಗಾಗಿ ನಿಂತಿತು. ಬಲ ಪೆಡಲು ಸಲೀಸಾಗಿ ಕಳಚಿ ಬಂತು. ಎಡದ್ದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಮೋನಪ್ಪ ಕೈ ಹಚ್ಚಿದ. ಮತ್ತಿಬ್ಬರು ಬನಿಯನ್ನಿನಲ್ಲೇ ಇಳಿದು ಬಂದು ಬೋಲ್ಟು ತಿರುಗಿಸುವ ಪಾನಾ ಹಿಡಿದು ಜಗ್ಗಿದರು. ಜಗ್ಗಿದಷ್ಟೂ ಪೆಡಲು ಬಿಗಿಯಾಯಿತು.

"ಬಿಸಿನೀರು ಹಾಕಿದ್ರ ಸಡ್ಲ ಆಗತದ," ಎಂದು ಮೇಲಿನ ಮಜಲಿನಿಂದ ಕಾಶವ್ವ ಹೇಳಿದಳು. ಹೇಳಿ ಸುಮ್ಮನಿರದೆ ತಂಬಿಗೆಯಿಂದ ಸುರಿದೂಬಿಟ್ಟಳು. ನೀರು ಪೆಡಲನ್ನು ಬಿಟ್ಟು ಮೋನಪ್ಪನ ಬೆನ್ನಿಗೆ ಬಿತ್ತು. ಅವನು ಹಾರಿದ ರಭಸಕ್ಕೆ ಪಾನಾ ಜಾರಿ ಗದಿಗೆಪ್ಪನ ಹೆಬ್ಬೆರಳಿಗೆ ಬಡಿಯಿತು.

ಕೊನೆಗೆ ಗದಿಗೆಪ್ಪ ಕಳಚಿದ ಪೆಡಲನ್ನು ಚೀಲಕ್ಕೆ ಹಾಕಿಕೊಂಡು, ಒಂಟಿ ಪೆಡಲಿನ ಸೈಕಲ್ಲನ್ನು ತಳ್ಳಿಕೊಂಡು ಕಿಂಗ್ಸ್ ಸರ್ಕಲ್ಲಿನ ಪಾರಸಿ ಮುದುಕನ ಅಂಗಡಿಗೆ ಹೊರಟ. ಜೊತೆಗೆ ಮೋನಪ್ಪ, ತನ್ನ ಹೋಟೆಲಿನ ಸೈಕಲ್ಲಿನೊಡನೆ. ಮುದುಕ ಪಾನಾಕ್ಕೆ ಉದ್ದನೆಯ ಕೊಳವೆ ಸಿಕ್ಕಿಸಿ, ಇವರು ಜಗ್ಗಿದ್ದರ ವಿರುದ್ಧ ದಿಕ್ಕಿಗೆ ಒಮ್ಮೆ ತಳ್ಳಿದ. ಪೆಡಲು ಕಳಚಿ ಕೈಗೆ ಬಂತು.

"ಬಾಯಾ ಪೆಡಲ್ ಉಲ್ಟಾ ಖುಲ್ತಾ ಹೈ," ಎಂದ ಮುದುಕ. ಎಡ ಪೆಡಲು ಕಳಚುವುದು ತಿರುವುಮುರುವಾಗಿಯಂತೆ.

"ನಾನು ಆಗಲೇ ಹೇಳಿದ್ದೆ," ಎಂದ ಮೋನಪ್ಪ. ಅವನು ಹೇಳಿರಲಿಲ್ಲ.

ಮುದುಕ ಮೂರು ಜೊತೆ ಪೆಡಲು ತೆಗೆದಿಟ್ಟ. ಮೊದಲನೆಯದು ಉಕ್ಕಿನ ಹಲ್ಲಿನದು, ಚಪ್ಪಲಿಯನ್ನು ಕಚ್ಚಿ ಹಿಡಿಯಿತು. ಎರಡನೆಯದು ಕನ್ನಡಿಯಂತೆ ಹೊಳೆಯುತ್ತಿತ್ತು, ಕಾಲು ಮಾತ್ರ ನಿಲ್ಲಲಿಲ್ಲ. ಮೂರನೆಯದು ಅಗಲ, ಚಪ್ಪಟೆ, ಕರಿ ರಬ್ಬರಿನ ಮೇಲೆ ಸಣ್ಣ ಗೆರೆ, ತುದಿಗೆ ನಿಕ್ಕಲ್ಲಿನ ಟೊಪ್ಪಿಗೆ. ಗದಿಗೆಪ್ಪ ಅದನ್ನು ಬರಿಗಾಲಲ್ಲಿ ಮೆಟ್ಟಿ ನೋಡಿದ, ಚಪ್ಪಲಿಯಲ್ಲಿ ಮೆಟ್ಟಿ ನೋಡಿದ, ಪಾತ್ರಕ್ಕೆಂದು ನಿಜವಾದ ತಂತಿಯವನಿಂದ ಎರವಲು ತಂದಿದ್ದ ಬೂಟನ್ನು ಚೀಲದಿಂದ ತೆಗೆದು ಅದನ್ನೂ ಹಾಕಿಕೊಂಡು ಮೆಟ್ಟಿ ನೋಡಿದ.

"ಪೆಡಲ್ ಸೇ ಶಾದಿ ಕರ್ನೇ ಕಾ ಹೈ ಕ್ಯಾ?" ಎಂದು ಮುದುಕ, ಹೆಣ್ಣು ನೋಡಲು ಬಂದ ಮದುಮಗನನ್ನು ಕೇಳುವಂತೆ ಕೇಳಿದ.

ಹೊಸ ಪೆಡಲು ಕೂತಿತು. ಹಳೆಯ ಜೋಡಿಯನ್ನು ಗದಿಗೆಪ್ಪ ಎಸೆಯಹೊರಟಾಗ ಮೋನಪ್ಪ ತಡೆದ. "ಬಿಸಾಡ್ಬೇಡಿ. ನಮ್ಮ ಹೋಟೆಲ್ ಸೈಕಲಿಗೆ ಪೆಡಲೇ ಇಲ್ಲ, ಬರೀ ಕಡ್ಡಿ ತುಳೀತಾ ಇದ್ದೇನೆ. ನಿಮ್ಮ ಹೆಸರು ಹೇಳಿ ಹಾಕಿಸ್ತೇನೆ." ಗದಿಗೆಪ್ಪ ದಾನಶೂರನಂತೆ ಕೊಟ್ಟುಬಿಟ್ಟ. ಮುದುಕ ಅದನ್ನು ಅಲ್ಲಿಯೇ ಜೋಡಿಸಿ, ಭಾನುವಾರದ ಅರ್ಧ ದಿನ ಮುಗಿಯಿತೆಂದು ಬಾಗಿಲೆಳೆದ.

ಎರಡಕ್ಕೆ ಕೊನೆಯ ತಾಲೀಮು. ಖಾಕಿ ಕೋಟು, ಬೂಟು ಹಾಕಿಕೊಂಡು ಗದಿಗೆಪ್ಪ ರಂಗದ ಮೇಲೆ ತೇಲಿಕೊಂಡು ಬಂದ. ಎಲೆ ಬಿದ್ದಷ್ಟೂ ಸದ್ದಿಲ್ಲ. "ತಂತಿ ಬಂದದ," ಎಂದ. ಯಾರೂ ನಗಲಿಲ್ಲ. ಅವನಿಗೆ ಕಣ್ಣು ತುಂಬಿ ಬರುವಷ್ಟು ಸಂತೋಷವಾಯಿತು.

ಚನ್ನಬಸಯ್ಯನವರು ಮುಂದಕ್ಕೆ ಬಂದರು. "ಸಪ್ಪಳ ಎಲ್ಲಿ?"

"ಇಲ್ರೀ. ಹೊಸಾ ಪೆಡಲ್ ಹಾಕ್ಸೀನಿ."

ಚನ್ನಬಸಯ್ಯನವರು ತಲೆಯ ಮೇಲೆ ಕೈ ಹೊತ್ತರು. ಶನಿವಾರದ ಚೀಟಿ ತೆಗೆದು ತೋರಿಸಿದರು. 'ಮೂರನೆ ಅಂಕ, ಕಿರ್ರ್ ಟಕ್, ಇಲ್ಲಿ ಭರ್ತಿ ನಗು' ಎಂದಿತ್ತು. "ಎರಡು ಅಂಕ ಮಂದಿ ಅಳತಾರಪ್ಪಾ. ಮೂರನೇದಕ್ಕ ನಗಬೇಕು. ಅದಕ್ಕಂತ ನಿನ್ನ ಕರದದ್ದು."

"ಮೊದಲ ಹೇಳಬೇಕಿಲ್ರೀ?"

"ಹೇಳಿದ್ರ ನೀ ನಟನಾ ಮಾಡಾಕ ಸುರು ಮಾಡ್ತಿದ್ದಿ."

ಅಷ್ಟರಲ್ಲಿ ಹೊರಗಿನಿಂದ ಕಿರ್ರ್, ಟಕ್, ಕಿರ್ರ್, ಟಕ್ ಎಂದು ಕೇಳಿಸಿತು. ನಟರ ಚಹಾದ ಕೆಟಲು ಹಿಡಿದು ಮೋನಪ್ಪ ಬಂದಿದ್ದ. ಅಂಗಡಿ ಮುಚ್ಚಿತ್ತು, ಪೆಡಲು ಅದಲುಬದಲು ಮಾಡುವ ಮಾತೇ ಇರಲಿಲ್ಲ. ಗದಿಗೆಪ್ಪ ಹೋಟೆಲಿನ ಸೈಕಲ್ಲನ್ನೇ ಹತ್ತಿದ. ಸದ್ದು ಬಂತು, ನಗು ಬಂತು. ಆದರೆ ಆ ಸೈಕಲ್ಲಿಗೆ ಬ್ರೇಕಿರಲಿಲ್ಲ. ಮೋನಪ್ಪ ಅದನ್ನು ಅಂಗಾಲಿನಿಂದ ನಿಲ್ಲಿಸುತ್ತಿದ್ದ, ಗದಿಗೆಪ್ಪನಿಗೆ ಆ ವಿದ್ಯೆ ಗೊತ್ತಿರಲಿಲ್ಲ. ಅವನು ತಂತಿಯನ್ನು ಹಾರ್ಮೋನಿಯಂ ಪೆಟ್ಟಿಗೆಗೆ ತಲುಪಿಸಿದ.

"ಮೋನಪ್ಪಾ," ಎಂದರು ಚನ್ನಬಸಯ್ಯನವರು, "ನೀನ ಹತ್ತು."

ಕೋಟು ಮೋನಪ್ಪನಿಗೆ ಸರಿಹೋಯಿತು, ಬೂಟು ಹಿಡಿಸಲಿಲ್ಲ. ಚಪ್ಪಲಿ ಪಾರಸಿಯ ಅಂಗಡಿಯಲ್ಲೇ ಉಳಿದಿದ್ದರಿಂದ ಗದಿಗೆಪ್ಪ ಧೋತರದ ಕೆಳಗೆ ತಂತಿಯವನ ಬೂಟು ಹಾಕಿಕೊಂಡು, ಮೂರನೆಯ ಸಾಲಿನಲ್ಲಿ ಹೆಂಡತಿ ಮತ್ತು ಮುರಿಗೆಪ್ಪನ ನಡುವೆ ಕುಳಿತ.

ಮೂರನೆಯ ಅಂಕದಲ್ಲಿ ಕಿರ್ರ್ ಟಕ್ ಶುರುವಾಯಿತು. ಸಭೆ ಬಿದ್ದು ಬಿದ್ದು ನಕ್ಕಿತು. "ತಂತಿ ಬಂದುಂಟು" ಎಂದಾಗ ಚಪ್ಪಾಳೆ ನಿಲ್ಲಲೇ ಇಲ್ಲ. ಹುಟ್ಟಿದಾಗಿನಿಂದ ನಕ್ಕಿರದ ಮುರಿಗೆಪ್ಪ ಟೊಪ್ಪಿಗೆಯಿಂದ ಕಣ್ಣೊರಸಿಕೊಂಡ.

"ನಟ ಅಂದ್ರ ಅಂವಾ. ನಿಮಗೂ ಏನೋ ಪಾತ್ರ ಅದ ಅಂತ ಶರಣವ್ವ ಬರದಿದ್ಲು?"

"ಆ ಪೆಡಲ್ ನಂದು," ಎಂದ ಗದಿಗೆಪ್ಪ.

ಮುರಿಗೆಪ್ಪ ಅವನ ಬೂಟನ್ನು ನೋಡಿದ, ತಂಗಿಯ ಮುಖ ನೋಡಿದ. "ಇರಲಿ," ಎಂದು ನಿಟ್ಟುಸಿರು ಬಿಟ್ಟ.

ನಾಟಕ ಮುಗಿದಾಗ ಇನ್ನೂ ಬಿಸಿಲಿತ್ತು. ಮುರಿಗೆಪ್ಪ ತಂಗಿಯನ್ನು ಎರಡು ದಿನಕ್ಕೆಂದು ಲೋಕಲ್ಲಿನಲ್ಲಿ ಮುಲುಂಡಿಗೆ ಕರೆದೊಯ್ದ. ಹೋಗುವ ಮೊದಲು ಮುಂದಿನ ಭಾನುವಾರ ಅಲ್ಲಿಯೂ ಇದೇ ನಾಟಕ ಆಡಬೇಕೆಂದು ಚನ್ನಬಸಯ್ಯನವರಿಂದ ಮಾತು ತೆಗೆದುಕೊಂಡ. ಅಷ್ಟರೊಳಗೆ ಯಾರಾದರೂ ಪೆಡಲಿಗೆ ಎಣ್ಣೆ ಬಿಟ್ಟಾರೆಂದು ಚನ್ನಬಸಯ್ಯನವರು, ಹೋಟೆಲಿನ ಧಣಿಯನ್ನು ಒಪ್ಪಿಸಿ, ಆ ಸೈಕಲ್ಲನ್ನು ಸಂಘದ ಕೋಣೆಯಲ್ಲಿಟ್ಟು ಬೀಗ ಹಾಕಿದರು. ಹೀಗಾಗಿ ಮೋನಪ್ಪನಿಗೆ ಮನೆಗೆ ಹೋಗಲು ಗತಿಯಿಲ್ಲದಾಯಿತು.

ಗದಿಗೆಪ್ಪ ಅವನನ್ನು ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಆಂಟಾಪ್ ಹಿಲ್ಲಿನ ಏರು ತುಳಿಯತೊಡಗಿದ. ಮೋನಪ್ಪನ ಕೊರಳಲ್ಲಿ ಸಂಘದವರು ಹಾಕಿದ ಸೇವಂತಿಗೆ ಹಾರವಿತ್ತು.

"ನೋಡಿದ್ರಾ, ಒಂಚೂರೂ ಶಬ್ದ ಇಲ್ಲ," ಎಂದ ಮೋನಪ್ಪ ಹಿಂದಿನಿಂದ. "ನಾನು ಹೇಳಿದ್ದು ಸರಿಯಾಯ್ತಲ್ಲ ಮಾರಾಯ್ರೆ?"

ಗದಿಗೆಪ್ಪ ಏರಿಗೆ ಬಾಗಿ ತುಳಿದ. ಪೆಡಲು ನಿಜವಾಗಿಯೂ ಕಾಲಿಗೆ ಬಹಳ ಹಿತವಾಗಿತ್ತು.