ಶಂಖದೊಳಗೆ ಏನೂ ಇಲ್ಲ

ಸಿಹಿ ಮಾಡುವವನಿಗೆ ಕೋಪ ಇರಬಾರದು ಅನ್ನುತ್ತಾರೆ. ಹಾಗಂದವನನ್ನು ತಂದು ನನ್ನ ಮುಂದೆ ನಿಲ್ಲಿಸಿ, ಮಾತಾಡುತ್ತೇನೆ! ಹೋದ ವರ್ಷ ನನಗಾದ ಅವಮಾನ ನಿಮಗಾಗಿದ್ದರೆ ಬಾಣಲೆಯನ್ನೇ ಬಾವಿಗೆ ಎಸೆಯುತ್ತಿದ್ದಿರಿ.

ಶಾಂತಿಪುರದಲ್ಲಿ ನಮ್ಮದು ಮೂರು ತಲೆಮಾರಿನ ಅಂಗಡಿ; ಸಂದೇಶ್ ಅನ್ನುವ ಹಾಲಿನ ಮಿಠಾಯಿಗೆ ಹೆಸರುವಾಸಿ. ಜ್ಯೇಷ್ಠದ ಷಷ್ಠಿಗೆ ಅಳಿಯನನ್ನು ಕರೆದು, ಬೀಸಣಿಗೆ ಬೀಸಿ, ಹೊಟ್ಟೆ ಬಿರಿಯುವಂತೆ ಬಡಿಸಿ, ನಡುವೆ ಒಂದು ಮೋಸದ ಮಿಠಾಯಿ ಇಟ್ಟು ಅವನನ್ನು ಬೇಸ್ತು ಬೀಳಿಸದಿದ್ದರೆ ಅದು ಹಬ್ಬವೇ ಅಲ್ಲ. (ನಮ್ಮಪ್ಪ ಹತ್ತಿ ತುಂಬಿಟ್ಟ ಸಂದೇಶ್ ಅಗಿಯುತ್ತಾ ನನ್ನ ಭಾವ "ಆಹಾ, ಎಷ್ಟು ಮೃದು!" ಎಂದು ಹೊಗಳಿದ್ದು ನಮ್ಮ ಬೀದಿಯ ಇತಿಹಾಸ.) ಹೋದ ವರ್ಷ ನನ್ನ ಸರದಿ. ಮಗಳು ಬೂಲಿಯ ಗಂಡ ಸುಬಲ ಕೃಷ್ಣನಗರದಲ್ಲಿ ಮಣ್ಣಿನ ಗೊಂಬೆ ಮಾಡುವವನು. ಬಾಯಿ ಚಿಕ್ಕದು, ಕಣ್ಣು ದೊಡ್ಡದು. ನಾನು ಹಸಿಮೆಣಸಿನಕಾಯಿ ಹುದುಗಿಸಿಟ್ಟ ಸಂದೇಶ್ ಅನ್ನು ಅವನು ಬೆರಳಲ್ಲಿ ಒತ್ತಿ ನೋಡಿ, ತಟ್ಟೆಯಂಚಿಗೆ ಸರಿಸಿ, "ಮೆಣಸಿನಕಾಯಾ ಬಾಬಾ? ನಮ್ಮೂರಲ್ಲಿ ಎಲ್ಲ ಮಾವಂದಿರೂ ಇದನ್ನೇ ಮಾಡ್ತಾರೆ" ಅಂದ.

ಎಲ್ಲ ಮಾವಂದಿರೂ! ನಾದಿನಿಯರು ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು. ನನ್ನ ಧರ್ಮಪತ್ನಿ ಬೀಣಾ ಸೆರಗಿನ ಗೋಜಿಗೂ ಹೋಗದೆ ನಕ್ಕಳು.

ಈ ವರ್ಷ ಬೈಶಾಖದ ಮೊದಲ ದಿನ, ನಮ್ಮ ಬಂಗಾಳಿ ಹೊಸವರ್ಷದಂದೇ, ಡ್ರಾಯಿಂಗ್ ಮೇಷ್ಟ್ರು ತಾರಾಪದ ಬಾಬು ಹತ್ತಿರ ಗೋಳು ತೋಡಿಕೊಂಡೆ. "ನನ್ನ ತಲೆ ಒಣಗಿಹೋಗಿದೆ ಮೇಷ್ಟ್ರೇ."

"ಒಣಗಿಲ್ಲ ಗೋಷ್ಠ, ಬಳಸದೆ ಜಡ್ಡುಗಟ್ಟಿದೆ. ದಿನಾ ಒಂದೇ ಹೊತ್ತಿಗೆ ಕೂತು ಹತ್ತು ಹೊಸ ಯೋಚನೆ ಬರಿ. ಒಳ್ಳೇದೋ ಕೆಟ್ಟದ್ದೋ ನೋಡ್ಬೇಡ. ಒಂದು ದಿನಾನೂ ತಪ್ಪಿಸ್ಬೇಡ."

ಷಷ್ಠಿಗೆ ನಲವತ್ತು ದಿನ ಇತ್ತು. ಒಡೆದ ಹಾಲನ್ನು ಬಟ್ಟೆಯಲ್ಲಿ ಕಟ್ಟಿ ನೇತುಹಾಕಿದರೆ ನೀರು ಸೋರಿ ಛೇನಾ ಆಗುವುದಕ್ಕೆ ಒಂದಷ್ಟು ಹೊತ್ತು ಬೇಕು. ಅದೇ ನನ್ನ ತಪಸ್ಸಿನ ಮುಹೂರ್ತ. ನಾಲ್ಕನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು ನಾನು; ಪೆನ್ಸಿಲನ್ನು ಸೌಟು ಹಿಡಿದಂತೆ ಹಿಡಿದು ಶುರುಮಾಡಿದೆ. ಮೊದಲ ದಿನದ ಫಲ: ಒಂದು ಮೆಣಸಿನಕಾಯಿಯ ಸಂದೇಶ್, ಎರಡು ಮೆಣಸಿನಕಾಯಿಯ ಸಂದೇಶ್... ಹತ್ತನೆಯದು ಹೇಳಬೇಕಿಲ್ಲ. ಹಾಳೆ ಹರಿದು ಒಲೆಗೆ ಹಾಕಿದೆ. ಆಮೇಲೆ ಮೇಷ್ಟ್ರ ಮಾತು ನೆನಪಾಗಿ, ಹಲ್ಲು ಕಚ್ಚಿ ಮತ್ತೆ ಅವನ್ನೇ ಬರೆದೆ.

"ರೀ ಬೂಲಿಯಪ್ಪ, ಅದೇನು ಕೂತಿದ್ದೀರಿ ತಲೆ ಮೇಲೆ ಕಲ್ಲು ಬಿದ್ದೋರ ಹಾಗೆ?" ಬೀಣಾ ಕೇಳಿದಳು.

"ಯೋಚನೆ ಮಾಡ್ತಿದ್ದೀನಿ ಕಣೇ!"

"ಅದಕ್ಕೇ ಸುಟ್ಟ ವಾಸನೆ. ನಾನು ಹಾಲು ಸೀದಿದೆ ಅಂದ್ಕೊಂಡೆ."

(ಹಾಲೂ ಸೀದಿತ್ತು.)

ಬಿಡಲಿಲ್ಲ. ಜ್ವರ ಬಂದ ದಿನವೂ ಕಂಬಳಿ ಹೊದ್ದು ಹತ್ತು ಬರೆದೆ. ಇಂಗು ತುಂಬಿದ ಗುಲಾಬಿ, ಬದನೆಕಾಯಿ ಬಜ್ಜಿಯ ವೇಷದ ಸಂದೇಶ್, ಕಚ್ಚಿದರೆ ಹಲ್ಲಿಗೇ ಅಂಟಿಕೊಳ್ಳುವ ಇಲಿ. ಬರೆದ ಪುಸ್ತಕವನ್ನು ಸಕ್ಕರೆ ಡಬ್ಬಿಯ ಹಿಂದೆ ಭದ್ರವಾಗಿ ಬಚ್ಚಿಡುತ್ತಿದ್ದೆ. ಮೂವತ್ತು ದಿನ ಕಳೆಯುವಷ್ಟರಲ್ಲಿ ತಲೆಯೊಳಗೆ ಏನೋ ಸಡಿಲವಾಯಿತು. ಸ್ನಾನಕ್ಕೆ ಇಳಿದರೂ ಯೋಚನೆ, ಚಪ್ಪಲಿ ಹುಡುಕುವಾಗಲೂ ಯೋಚನೆ! ಮೂವತ್ತನಾಲ್ಕನೇ ದಿನ ಆ ಮಹಾಜ್ಞಾನ ಆಯಿತು. ಅಳಿಯ ಮೋಸಕ್ಕೆ ಕಾದಿರುತ್ತಾನೆ. ಹಾಗಾದರೆ ನಮ್ಮ ಅಂಗಡಿಯ ಮಾಮೂಲಿ ಶಂಖದ ಅಚ್ಚಿನ ಸಂದೇಶ್ ಇಡು. ಒಳಗೆ ಏನೂ ಬೇಡ! ಅವನು ಒತ್ತಲಿ, ಮೂಸಲಿ, ಬೆವರಲಿ, ಹೆದರಿ ಹೆದರಿ ತಿನ್ನಲಿ. ಕೊನೆಗೆ ಕೇಳುತ್ತೇನೆ: "ಬರೀ ಸಂದೇಶ್‌ಗೆ ಇಷ್ಟು ಹೆದರಿದೆಯೇನಪ್ಪ?"

ಷಷ್ಠಿ ಬಂತು. ತಟ್ಟೆ ಅಣಿಮಾಡಿ, ನಡುವೆ ಶಂಖ ಇಟ್ಟು, ಹೊಸ ಧೋತಿ ಉಟ್ಟು ಬಂದೆ. ಸುಬಲ ಅನ್ನ, ಮೀನು ಎಲ್ಲ ಮುಗಿಸಿ ಶಂಖದ ಮುಂದೆ ಕೈಕಟ್ಟಿ ಕೂತ. ಹಣೆಯಲ್ಲಿ ಬೆವರು! ಬೀಸಣಿಗೆ ಬೀಸುತ್ತಿದ್ದ ಬೀಣಾ, "ತಿನ್ನಪ್ಪ, ಹೆದರ್ಬೇಡ" ಅಂದಳು.

"ಇಲ್ಲಮ್ಮ, ಇದರೊಳಗೆ ಏನೋ ಇದೆ. ಬಾಬಾ ಮೊದಲು ಕಚ್ಚಿದರೆ ತಿಂತೀನಿ."

ನಾದಿನಿಯರು ಕಿಸಕ್ಕೆಂದರು. ನನಗೆ ಪಿತ್ತ ನೆತ್ತಿಗೇರಿತು. "ನನ್ನ ಕೈಯಾರೆ ಮಾಡಿದ್ದು! ಒಳಗೆ ಏನೂ ಇಲ್ಲ, ನೋಡು!" ಎಂದು ಶಂಖ ಕಿತ್ತುಕೊಂಡು, ಮೂರು ತಲೆಮಾರಿನ ಗೌರವವನ್ನೆಲ್ಲ ದವಡೆಗೆ ತಂದುಕೊಂಡು ಕಚ್ಚಿದೆ.

'ಕಟ್' ಎಂದಿತು. ಶಂಖವಲ್ಲ, ಹಲ್ಲು.

ಕೃಷ್ಣನಗರದ ಸುಟ್ಟ ಮಣ್ಣು! ಅದೇ ಗೆರೆ, ಅದೇ ಕೆನೆಬಣ್ಣ, ಮೂಲೆಯಲ್ಲಿ ನನ್ನ ಅಚ್ಚಿನ ಬಿರುಕು ಸಹ. ಅಸಲಿ ಶಂಖವನ್ನು ಬೀಣಾ ಸೆರಗಿನಡಿಯಿಂದ ತೆಗೆದು ಅಳಿಯನ ತಟ್ಟೆಗಿಟ್ಟಳು. ಅವನು ನಿಶ್ಚಿಂತೆಯಾಗಿ ತಿಂದ.

"ಅಚ್ಚು ಯಾರು ಕೊಟ್ರು?" ಬಾಯಿ ಹಿಡಿದುಕೊಂಡೇ ಗುಡುಗಿದೆ.

"ನಾನೇ, ಐದು ದಿನದ ಹಿಂದೆ ಬಂದಿದ್ದ ಬೂಲಿ ಕೈಲಿ ಕಳಿಸಿದ್ದೆ. ಉಪಾಯಾನೆಲ್ಲ ಪುಸ್ತಕದಲ್ಲಿ ಬದನೆಕಾಯಿ ಗಾತ್ರದ ಅಕ್ಷರದಲ್ಲಿ ಬರೆದಿಟ್ರೆ ಓದದೆ ಇರೋಕಾಗತ್ತಾ?" ಅಂದಳು ಬೀಣಾ.

ಸುಬಲ ಕಾಲಿಗೆ ನಮಸ್ಕರಿಸಿದ. "ಉಪಾಯ ನಿಮ್ಮದೇ ಬಾಬಾ, ಭಾರಿ ಚೆನ್ನಾಗಿತ್ತು. ನಮ್ಮ ಮನೇಲಿ ದಿನಾ ಊಟಕ್ಕೆ ಮುಂಚೆ ಒಂದು ಹೊಸ ಗೊಂಬೆ ಮಾಡ್ಬೇಕು. ಏಳು ವರ್ಷದವನಿದ್ದಾಗಿಂದ ನಾನು ಒಂದು ದಿನಾನೂ ತಪ್ಪಿಸಿಲ್ಲ."

ನಲವತ್ತು ದಿನ ಎಲ್ಲಿ, ಇಪ್ಪತ್ತು ವರ್ಷ ಎಲ್ಲಿ! ಸೋತೆ ಅಂದುಕೊಂಡಿರಾ? ಮರುದಿನ ಛೇನಾ ಕಟ್ಟಿ, ಊದಿದ ದವಡೆಗೆ ಬಟ್ಟೆ ಕಟ್ಟಿ, ಪುಸ್ತಕ ತೆರೆದೆ. ನಲವತ್ತೊಂದನೇ ಹಾಳೆಯಲ್ಲಿ ಆಗಲೇ ಬೀಣಾಳ ಅಕ್ಷರ: "ಒಂದು: ಈ ಪುಸ್ತಕ ಬಚ್ಚಿಡಲು ಬೇರೆ ಜಾಗ."

ಉಳಿದ ಒಂಬತ್ತನ್ನು ನಾನೇ ಬರೆದೆ. ಒಂಬತ್ತೂ ಅಗಿಯದೆ ನುಂಗುವಂಥ ಸಿಹಿಗಳು.