ಯಾರ ಕೈಯೂ ಹಚ್ಚಬಾರದ ಬೆಂಕಿ

ಶನಿವಾರ ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ನಾನು ಪೈಜಾಮದ ಮೇಲೆ ಮಳೆಕೋಟು ಹಾಕಿಕೊಂಡು, ನಮ್ಮ ಅಂಗಳದ ಬೆಂಕಿಕಟ್ಟೆಯ ಮುಂದೆ ಮಂಡಿಯೂರಿ, ಒಂದು ಪೀನ ಮಸೂರಕ್ಕೂ ಒಂದು ಹಿಡಿ ಬರ್ಚ್ ಮರದ ತೊಗಟೆಗೂ ನಡುವಿನ ಅಂತರ ಅಳೆಯುತ್ತಿದ್ದೆ. ನೋಡಿದವರು ಪೂಜೆ ಎಂದುಕೊಳ್ಳಬಹುದಿತ್ತು. (ಪಕ್ಕದ ಮನೆಯ ಮುದುಕಿ ಹಾಗೆಯೇ ಅಂದುಕೊಂಡಳು, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಕಿಟಕಿಯ ಪರದೆ ಎಳೆದಳು.) ಆದರೆ ನಾನು ಭೌತಶಾಸ್ತ್ರದ ಮೇಷ್ಟ್ರು. ಪೂಜೆ ನನ್ನ ಹೆಂಡತಿ ಜಿವಿಲೆಯ ಇಲಾಖೆ. ನಮ್ಮ ಮನೆಯಲ್ಲಿ ಅಧಿಕಾರ ಹಂಚಿಕೆ ಸ್ಪಷ್ಟವಾಗಿದೆ: ಗುಡುಗು, ಬೆಂಕಿ, ಭೂಮಿ, ಓಕ್ ಮರ ಮತ್ತು ತೀರಿಕೊಂಡ ಹಿರಿಯರೆಲ್ಲ ಅವಳಿಗೆ; ಕಾರು, ಬಚ್ಚಲಿನ ನಲ್ಲಿ ಮತ್ತು ಶನಿವಾರ ಸಂಜೆಯ ಬಾಸ್ಕೆಟ್‌ಬಾಲ್ ನನಗೆ.

ನಮ್ಮ ಜೆಮೈತಿಯಾ ಸೀಮೆಯಲ್ಲಿ ಶಿಲುಬೆ ಬರುವುದಕ್ಕೂ ಮುಂಚಿನ ಹಳೇ ದೇವರ ಒಕ್ಕಲುಗಳು ಮೂರಿವೆ. ಮೂರಕ್ಕೂ ಒಬ್ಬೊಬ್ಬ ನಾಯಕರು. ನಮ್ಮೂರಿನದಕ್ಕೆ ಜಿವಿಲೆ. ಕಡಲತೀರದ್ದಕ್ಕೆ ಬಾಂಗೂಟಿಸ್, ನಿವೃತ್ತ ಹಡಗಿನ ಕಪ್ತಾನರು, ಎಲ್ಲರಿಗಿಂತ ಹಿರಿಯರು. ಪಟ್ಟಣದ್ದಕ್ಕೆ ರಿಮಾಂತೆ, ಹಲ್ಲಿನ ಡಾಕ್ಟರು, ಎಲ್ಲರಿಗಿಂತ ಹೆಚ್ಚು ಜನ ಇರುವವಳು. ದೇವರುಗಳ ವಿಷಯದಲ್ಲಿ ಮೂವರಿಗೂ ಕೂದಲೆಳೆಯಷ್ಟು ಭಿನ್ನಾಭಿಪ್ರಾಯವಿಲ್ಲ. ಜಗಳವಿರುವುದು ಒಂದೇ: ಬೆಂಕಿ ಯಾರು ಹಚ್ಚಬೇಕು?

ಇದು ಸಣ್ಣ ವಿಷಯವಲ್ಲ. ಕಟ್ಟೆಯ ಮೇಲೆ ಬೆಂಕಿ ಏಳದೆ ಇವರು ಸಭೆಗೆ ಕೂರುವುದಿಲ್ಲ. ಬೆಂಕಿ ಉಣ್ಣದೆ ತಾವು ಉಣ್ಣುವುದಿಲ್ಲ. ಹಿರಿಯರು ಹಚ್ಚಬೇಕು ಎಂದು ಕಪ್ತಾನರು. ಜನ ಹೆಚ್ಚಿರುವವರು ಎಂದು ರಿಮಾಂತೆ. ಯಾರ ಮನೆಯೋ ಅವರು ಎಂದು ಜಿವಿಲೆ. ಹೋದ ಸಲ ಬೇಸಿಗೆಯ ನಡುಹಬ್ಬಕ್ಕೆ ಒಂದೇ ಗುಡ್ಡದ ಮೇಲೆ ಮೂರು ಬೆಂಕಿ ಎದ್ದವು, ಮೂರು ಹಾಡು ಒಟ್ಟಿಗೆ ಶುರುವಾದವು. ಯಾರೋ ಗಾಬರಿಯಾಗಿ ಅಗ್ನಿಶಾಮಕ ದಳವನ್ನು ಕರೆದರು. ಬಂದವರಿಗೆ ಯಾವುದನ್ನು ಮೊದಲು ಆರಿಸಿದರೆ ಉಳಿದಿಬ್ಬರಿಗೆ ಅವಮಾನವಾಗುವುದಿಲ್ಲ ಎಂದು ತೀರ್ಮಾನಿಸಲು ಆಗಲಿಲ್ಲ.

ಆಮೇಲೆ ಜಿಲ್ಲಾ ಕಚೇರಿ ಪತ್ರ ಬರೆದು ಖಡಾಖಂಡಿತವಾಗಿ ಹೇಳಿತು: ಮುಂದಿನ ಹಬ್ಬಕ್ಕೆ ಗುಡ್ಡ ಬೇಕಾದರೆ ಮೂರೂ ಒಕ್ಕಲು ಸೇರಿ ಒಂದೇ ಅರ್ಜಿ ಕೊಡಬೇಕು, ಅದರಲ್ಲಿ ಒಬ್ಬರದೇ ಹೆಸರಿರಬೇಕು, ಅದೂ ಈ ತಿಂಗಳೊಳಗೆ. ಇಲ್ಲದಿದ್ದರೆ ಗುಡ್ಡ ಮೋಟಾರ್‌ಸೈಕಲ್ ಪಂದ್ಯದವರಿಗೆ. ದೇವರೇ ಬೇಡವೆನ್ನುವ ಸರ್ಕಾರವಿದ್ದು, ಹಳೇ ಹಾಡು ಹಾಡಿದರೆ ಕೆಲಸ ಹೋಗುತ್ತಿದ್ದ ಕಾಲದಲ್ಲಿ ಜಿವಿಲೆಯ ತಾಯಿ ಕಾಡುಹಣ್ಣು ಆರಿಸುವ ನೆಪ ಹೇಳಿ ಆ ಗುಡ್ಡ ಹತ್ತಿ ಬೆಂಕಿ ಹಚ್ಚಿ ಬರುತ್ತಿದ್ದರಂತೆ. ಆ ಪತ್ರ ಓದಿದ ರಾತ್ರಿ ಜಿವಿಲೆ ನನ್ನೊಡನೆ ಜಗಳವಾಡಲಿಲ್ಲ. ಮದುವೆಯಾದ ಮೇಲೆ ನಾನು ಅಷ್ಟು ಹೆದರಿದ್ದು ಅದೇ ಮೊದಲು.

ಹೀಗಾಗಿ ನಮ್ಮ ಮನೆಯಲ್ಲಿ 'ಪ್ರಾಂತೀಯ ನಾಯಕತ್ವ ಮಹಾಸಮ್ಮೇಳನ' ಏರ್ಪಾಡಾಯಿತು. ಅಲ್ಲಿ ಬೆಂಕಿ ಯಾರು ಹಚ್ಚಬೇಕೆಂದು ಮೂರು ವಾರ ಫೋನಿನಲ್ಲಿ ಕದನ ನಡೆಯಿತು. ನನಗೆ ತಡೆಯಲಾಗಲಿಲ್ಲ, ಊಟದ ಮೇಜಿನಲ್ಲಿ ನನ್ನ ಮಹಾನ್ ಐಡಿಯಾ ಹೊರಬಿತ್ತು. ಮನುಷ್ಯರ ಕೈಯೇ ಬೇಡ, ಸೂರ್ಯ ಹಚ್ಚಲಿ. (ಸೂರ್ಯ ನಮ್ಮ ಕಡೆ ಹೆಣ್ಣು. ಯಾವ ಒಕ್ಕಲಿಗೂ ಸೇರಿದವಳಲ್ಲ.) ಮಸೂರ ಹಿಡಿಯುವವರು ಯಾರು ಎಂದು ರಿಮಾಂತೆ ಕೇಳಿದಳು; ಯಾರೂ ಹಿಡಿಯದ ಹಾಗೆ ಮರದ ಸ್ಟ್ಯಾಂಡು ಮಾಡಿದೆ. ತೊಗಟೆ ಯಾರದು ಎಂದರು ಕಪ್ತಾನರು. ಮೂರೂ ಊರಿನಿಂದ ತರಿಸಿ ಸಮನಾಗಿ ಬೆರೆಸಿದೆ. ಶುಕ್ರವಾರದ ಪರೀಕ್ಷೆಯಲ್ಲಿ ಸಂಗಮ ದೂರ ಎಷ್ಟು ಕರಾರುವಾಕ್ಕಾಗಿತ್ತೆಂದರೆ, ಜಿವಿಲೆಯ ಹಬ್ಬದ ಏಪ್ರನ್ನಿಗೆ ನಾಣ್ಯದಷ್ಟು ದುಂಡನೆಯ ತೂತು ಬಿತ್ತು. ನಾನು ಅದನ್ನು ವಿಜ್ಞಾನದ ವಿಜಯ ಎಂದೆ. ಅವಳು ಬೇರೆ ಏನೋ ಎಂದಳು.

ಶನಿವಾರ ಆಕಾಶದ ತುಂಬ ನೆನೆದ ಕಂಬಳಿ ಹೊದಿಸಿದಂತೆ ಮೋಡ.

ಹತ್ತಕ್ಕೆ ಪ್ರತಿನಿಧಿಗಳು ಬಂದರು. ಲಿನನ್ ಅಂಗಿ, ಉಣ್ಣೆ ಶಾಲು, ಅಂಬರ್ ಮಣಿಸರ, ಒಬ್ಬೊಬ್ಬರ ಕಂಕುಳಲ್ಲೂ ಕಪ್ಪು ರೊಟ್ಟಿ ಅಥವಾ ಹೊಗೆ ಹಿಡಿಸಿದ ಮೀನು. ಬಂದವರೆಲ್ಲ ಕಟ್ಟೆಯ ಸುತ್ತ ನಿಂತರು. ನಿಂತೇ ಇದ್ದರು. ಹನ್ನೊಂದಾಯಿತು. ಅಷ್ಟೂ ಜನ ಕತ್ತೆತ್ತಿ ಮೋಡ ನೋಡುತ್ತಿದ್ದುದನ್ನು ಕಂಡು ದಾರಿಹೋಕರಿಬ್ಬರು ತಾವೂ ನಿಂತು ನೋಡಿ ಹೋದರು. ಜಿವಿಲೆ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದು, ಹೆಸರು ಹಿಡಿದು ಕೇಳಿದಳು.

"ಕಾಸ್ತೀತಿ, ಎಲ್ಲೋ ನಿನ್ನ ಸೂರ್ಯ?"

"ಮೋಡದ ಹಿಂದೇನೇ ಇದಾಳೆ. ವೈಜ್ಞಾನಿಕವಾಗಿ ಹೇಳೋದಾದ್ರೆ ಅವಳು ಎಲ್ಲೂ ಹೋಗಿಲ್ಲ."

"ವೈಜ್ಞಾನಿಕವಾಗಿ ಇವರೆಲ್ಲ ಈಗ ಹೊರಟು ಹೋಗ್ತಾರೆ. ಗುಡ್ಡಾನೂ ಹೋಗುತ್ತೆ. ಅದನ್ನ ಅಳತೆ ಮಾಡು."

ಕಪ್ತಾನರ ಕೈ ಜೇಬಿನ ಲೈಟರಿನತ್ತ ಜಾರುವುದನ್ನು ರಿಮಾಂತೆ ನೋಡಿಬಿಟ್ಟಳು. ಅವಳ ಕೈಯೂ ಚೀಲದೊಳಗೇ ಇತ್ತೆಂಬುದು ಬೇರೆ ಮಾತು. ಅವಳು ಹಾಲುಹಲ್ಲು ಬೀಳಿಸಿಕೊಳ್ಳುವಾಗಲೇ ತಾನು ಬೆಂಕಿ ಹಚ್ಚುತ್ತಿದ್ದೆ ಎಂದು ಕಪ್ತಾನರು ನೆನಪಿಸಿದರು.

"ಗೊತ್ತು ಕಪ್ತಾನರೇ," ಎಂದಳು ರಿಮಾಂತೆ. "ಆ ಹೊಗೆಗೇ ನಿಮ್ಮ ಹಲ್ಲೆಲ್ಲ ಹೋಗಿರೋದು. ಮಂಗಳವಾರ ಬನ್ನಿ, ನೋಡ್ತೀನಿ."

ಪರಿಸ್ಥಿತಿ ಹೀಗೆ ಕಾದಿರುವಾಗ ಜಿವಿಲೆ ನನ್ನನ್ನು ಅಡುಗೆಮನೆಗೆ ಅಟ್ಟಿದಳು. ಒಲೆ ನೋಡಿಕೋ, ಬಾಣಲೆಯಲ್ಲಿರುವ ಆಲೂಗಡ್ಡೆ ದೋಸೆ ಮಗುಚು, ಬಾಯಿ ಮಾತ್ರ ತೆರೆಯಬೇಡ ಎಂದು. ಮೂರನೆಯದೊಂದನ್ನು ಬಿಟ್ಟು ಎಲ್ಲ ಆಜ್ಞೆಯನ್ನೂ ಪಾಲಿಸಿದೆ. ಬೆಳಗಿನಿಂದ ಏನೂ ತಿಂದಿರಲಿಲ್ಲ. ದೋಸೆಯ ಅಂಚು ಗರಿಗರಿ ಕೆಂಪಾಗಿತ್ತು. ಹುಳಿಕೆನೆಯಲ್ಲಿ ಅದ್ದಿ ಇಡೀ ದೋಸೆಯನ್ನು ಬಾಯಿಗೆ ತುರುಕಿದ ಕ್ಷಣಕ್ಕೆ ಸರಿಯಾಗಿ ಬಾಗಿಲು ತೆರೆಯಿತು. ನಾವಿನ್ನು ಹೊರಡುತ್ತೇವೆ ಎನ್ನಲು ಕಪ್ತಾನರೂ ರಿಮಾಂತೆಯೂ ಒಳಗೆ ಬಂದಿದ್ದರು, ಬೇಡವೆನ್ನುತ್ತ ಜಿವಿಲೆ ಹಿಂದೆಯೇ ಬಂದಿದ್ದಳು.

ಮೂವರೂ ನನ್ನ ಉಬ್ಬಿದ ಕೆನ್ನೆ ನೋಡಿದರು. ಮೂವರೂ ಒಲೆ ನೋಡಿದರು. ವರ್ಷಗಳಲ್ಲಿ ಮೊದಲ ಬಾರಿಗೆ ಮೂವರ ಬಾಯಿಂದ ಒಂದೇ ಮಾತು, ಒಂದೇ ಉಸಿರಿನಲ್ಲಿ ಬಂತು:

"ಒಲೆಗೆ ಕೊಟ್ಟೆಯಾ?"

ಕೊಟ್ಟಿರಲಿಲ್ಲ. ಇವರ ಲೆಕ್ಕದಲ್ಲಿ ಒಲೆಯ ಬೆಂಕಿ ಎಂದರೆ ಮನೆಯ ತಾಯಿ, ಹೆಸರು ಗಾಬಿಯಾ. ಜಿವಿಲೆ ದಿನಾ ರಾತ್ರಿ ಅವಳಿಗೆ ಬೂದಿ ಹೊದಿಸಿ ಮಲಗಿಸುತ್ತಾಳೆ, ಮುಖ ತೊಳೆದುಕೊಳ್ಳಲೆಂದು ಬಟ್ಟಲಲ್ಲಿ ನೀರಿಡುತ್ತಾಳೆ, ಬೆಳಿಗ್ಗೆ ಊದಿ ಎಬ್ಬಿಸುತ್ತಾಳೆ. ಆ ತಾಯಿಯ ಎದುರಲ್ಲೇ, ಅವಳೇ ಬೇಯಿಸಿದ್ದನ್ನು, ಅವಳಿಗಿಂತ ಮೊದಲು ನಾನು ತಿಂದಿದ್ದೆ. ಉತ್ತರ ಕೊಡೋಣವೆಂದರೆ ದೋಸೆ ನಾಲಗೆ ಸುಡುತ್ತಿತ್ತು.

ಜಿವಿಲೆ ಓಡಿಹೋಗಿ ಒಂದು ದೋಸೆಯ ಚೂರು ಮುರಿದು ಒಲೆಯ ಬಾಯಿಗೆ ಹಾಕಿದಳು. ಕಪ್ತಾನರು ಟೊಪ್ಪಿಗೆ ತೆಗೆದು ಇನ್ನೊಂದು ಚೂರು ಹಾಕಿದರು. ರಿಮಾಂತೆ ಮತ್ತೊಂದು. ಈ ದಡ್ಡನಿಗೆ ತಿಳಿಯಲಿಲ್ಲ, ಸಿಟ್ಟಾಗಬೇಡ ತಾಯಿ ಎಂದು ಮೂವರೂ ಒಂದೇ ಧಾಟಿಯಲ್ಲಿ ಬೇಡಿಕೊಂಡರು. ಬೆಂಕಿ ಚುರ್ ಎಂದಿತು. ಆಗಲೇ ನಾನು ಬಾಯಲ್ಲಿದ್ದದ್ದನ್ನು ನುಂಗಿದೆ, ಆ ಸದ್ದು ಎಲ್ಲರಿಗೂ ಕೇಳಿಸಿತು.

"ನಾವು ಮೂರೂ ಜನ ಈ ಬೆಂಕಿಗೆ ಉಣ್ಣಿಸಿಬಿಟ್ವಲ್ಲ," ಎಂದರು ಕಪ್ತಾನರು, ತೀರಾ ಮೆಲ್ಲಗೆ.

ಮೆಲ್ಲಗೆ ಎಂದದ್ದಕ್ಕೆ ಕಾರಣವಿದೆ. ಒಂದು ಮನೆಯ ಒಲೆಗೆ ತುತ್ತು ಕೊಟ್ಟವರು ಆ ದಿನ ಅದರೆದುರು ದನಿ ಏರಿಸುವಂತಿಲ್ಲ. ಏರಿಸಿದರೆ ಬೆಂಕಿ ಮುನಿದು ಮನೆ ಬಿಟ್ಟು ಹೋಗುತ್ತಾಳೆ. ಸಭೆಗೆ ಬೇಕಾದ ಬೆಂಕಿಯೂ ಇದೇ ಆಯಿತು, ಇದನ್ನು ಇವತ್ತು ಯಾರೂ ಹೊಸದಾಗಿ ಹಚ್ಚಿರಲಿಲ್ಲ. ಹೊರಡುತ್ತೇವೆಂದು ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಬೆಂಚಿನ ಮೇಲೆ ಕೂತರು. ಅಂಗಳದವರನ್ನೂ ಒಳಗೆ ಕರೆದದ್ದಾಯಿತು. ಕಿಟಕಿಯ ಕಟ್ಟೆ, ಸೌದೆಪೆಟ್ಟಿಗೆ, ಆಲೂಗಡ್ಡೆ ಚೀಲ, ಎಲ್ಲೆಡೆ ಪ್ರತಿನಿಧಿಗಳು. ಮಹಾಸಮ್ಮೇಳನ ಪಿಸುಮಾತಿನಲ್ಲಿ ಆರಂಭವಾಯಿತು.

ಒಂದು ಪ್ರಯೋಗವಾಗಿ ನೋಡಿದರೆ ಇದು ಬಲು ಕುತೂಹಲದ್ದು. ಪಿಸುಮಾತಿನಲ್ಲಿ ಜಗಳ ಬೆಳೆಯುವುದೇ ಇಲ್ಲ. 'ನಿನಗೆ ಅಹಂಕಾರ' ಎಂಬುದನ್ನು ಪಿಸುಗುಟ್ಟಿದರೆ ಆರೋಗ್ಯ ವಿಚಾರಿಸಿದ ಹಾಗೆ ಕೇಳಿಸುತ್ತದೆ. ಎದುರಿಗಿದ್ದವರು ಕಿವಿಯನ್ನು ಹತ್ತಿರ ತರಬೇಕಾಗುತ್ತದೆ. ಹತ್ತಿರ ಬಂದ ಕಿವಿಗೆ ಬೈಯಲು ಮನಸ್ಸು ಬರುವುದಿಲ್ಲ. ಮೂರು ವಾರದಲ್ಲಿ ಬಗೆಹರಿಯದ್ದು ದೋಸೆ ಹೊಯ್ದು ಮುಗಿಯುವಷ್ಟರಲ್ಲಿ ಬಗೆಹರಿಯಿತು: ಹಬ್ಬಕ್ಕೆ ಗುಡ್ಡದ ಮೇಲೆ ಬೆಂಕಿ ಒಂದೇ, ಅದನ್ನು ಈ ಒಲೆಯಿಂದ ಕೆಂಡ ಒಯ್ದು ಹೊತ್ತಿಸುವುದು. ಉಳಿದದ್ದು ಅರ್ಜಿಯ ಮೇಲಿನ ಹೆಸರು.

ಇಲ್ಲಿ ಪಿಸುಮಾತೂ ಸಾಲಲಿಲ್ಲ. ಜಿವಿಲೆ ತನ್ನ ಹೆಸರು ಬೇಡವೇ ಬೇಡ ಎಂದಳು. ಉಳಿದಿಬ್ಬರು ಒಬ್ಬರ ಹೆಸರಿಗೆ ಇನ್ನೊಬ್ಬರು ಒಪ್ಪಲಿಲ್ಲ. ಆಗ ರಿಮಾಂತೆಯ ದೃಷ್ಟಿ ಸಿಂಕಿನ ಪಕ್ಕ ಪಾಪಪ್ರಜ್ಞೆಯಿಂದ ಪಾತ್ರೆ ತೊಳೆಯುತ್ತಿದ್ದ ನನ್ನ ಮೇಲೆ ಬಿತ್ತು.

ನಾನು ಗೊಣಗಿದೆ. ನಾನು ಯಾವ ದೇವರಿಗೂ ಸೇರಿದವನಲ್ಲ, ಅರ್ಜಿಯಲ್ಲಿ ನನ್ನ ಹೆಸರು ಬೇಡ ಎಂದು ಸಕಾರಣವಾಗಿ ವಿವರಿಸಿದೆ.

"ಬೇಡ ಅನ್ನೋನು ಇಷ್ಟು ವರ್ಷದಲ್ಲಿ ಇವನೊಬ್ಬನೇ ಸಿಕ್ಕಿದ್ದು," ಎಂದರು ಕಪ್ತಾನರು. "ಮೇಲಾಗಿ ಬೆಂಕಿಗೆ ಸಾಲಗಾರ."

ಅರ್ಜಿಯಲ್ಲಿ ಹೆಸರಿರುವವನ ಪದವಿ ಸೀಮೆಯ ಬೆಂಕಿಕಾವಲುಗಾರ. ಹಬ್ಬದ ರಾತ್ರಿ ಇಡೀ ಬೆಂಕಿಯ ಬಳಿ ನಿಂತೇ ಇರಬೇಕು. ಅವಳು ಉಂಡ ಮೇಲೇ ಉಣ್ಣಬೇಕು, ಕುಡಿದ ಮೇಲೇ ಕುಡಿಯಬೇಕು. ತಿಂಗಳಿಗೊಮ್ಮೆ ಮೂರೂ ಒಕ್ಕಲಿನ ದೂರು ಕೇಳುವ ಸಭೆ, ನಮ್ಮ ಮನೆಯಲ್ಲಿ, ಶನಿವಾರ ಸಂಜೆ. (ಶನಿವಾರ ಸಂಜೆ ಏನಿರುತ್ತದೆಂದು ನಾನು ಹೇಳಲು ಹೋದೆ, ಬೆಂಕಿಯ ಎದುರು ವಾದ ಬೇಡ ಎಂದರು.) ಇನ್ನು ಎಲ್ಲರೂ ಕೈ ಎತ್ತಿ ಒಪ್ಪುವುದು, ಅದಕ್ಕೆ ಒಂದೇ ನಿಯಮ: ಒಲೆಯ ಸುತ್ತ ಇರುವವರಲ್ಲಿ ಒಂದು ಕೈ ಕೆಳಗಿದ್ದರೂ ತೀರ್ಮಾನ ಬಿದ್ದುಹೋಗುತ್ತದೆ.

ಎಣಿಸುವ ಕೆಲಸ ಮೇಷ್ಟ್ರಿಗೇ ಬಂತು. ಕೈಗಳು ಎದ್ದವು. ಮೊದಲು ಎದ್ದದ್ದು ಜಿವಿಲೆಯದು. ಎಡದಿಂದ ಬಲಕ್ಕೆ ಒಮ್ಮೆ ಎಣಿಸಿದೆ, ಬಲದಿಂದ ಎಡಕ್ಕೆ ಇನ್ನೊಮ್ಮೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಎರಡು ಸಲವೂ ಇಪ್ಪತ್ತೆರಡು, ಒಂದು ಕೈ ಕಡಿಮೆ ಇತ್ತು. ಅದು ಸೋಪಿನ ನೀರಿನಲ್ಲಿತ್ತು.

ಜಿವಿಲೆಯತ್ತ ನೋಡಿದೆ. ಅವಳು ನನ್ನನ್ನು ಬೇಡಿಕೊಂಡಿದ್ದರೆ, ಗದರಿಸಿದ್ದರೆ, ವಾದಿಸಬಹುದಿತ್ತು. ಅವಳು ಸುಮ್ಮನೆ ಒಲೆ ನೋಡುತ್ತ, ಎತ್ತಿದ ಕೈ ಇಳಿಸದೆ ನಿಂತಿದ್ದಳು. ನಾನು ಕೈ ಒರೆಸಿಕೊಂಡೆ, ಎತ್ತಿದೆ, ಲೆಕ್ಕಕ್ಕೆ ಸೇರಿಸಿಕೊಂಡೆ, ಆಮೇಲೆ ತಾಯಿಗೆ ನೋವಾಗದಷ್ಟು ಮೆಲುದನಿಯಲ್ಲಿ ಸಭೆಗೆ ಹೇಳಿದೆ:

"ಇಪ್ಪತ್ತಮೂರು."